ಬೆರ್ಚಪ್ಪನ ಹೆಗಲೇರಿದ ಮಂಗ

ಅರವತ್ತರ ದಶಕದಲ್ಲಿ ಒಂದು ವರ್ಷ, ಐವರ್ನಾಡಿನ ನಮ್ಮ ಮನೆಯ ಅಂಗಳದಾಚೆಯ ಕೋಣೆಯಲ್ಲಿ ಒಬ್ಬಳು ಬಿಳಿ ಹುಡುಗಿ ಇದ್ದಳು. ನಮ್ಮ ಗುಡ್ಡದ ಮಂಗಗಳನ್ನು ನೋಡಲು ಕನ್ನಡ ಕಲಿತು, ಸಮುದ್ರ ದಾಟಿ ಬಂದವಳು. ನೋಡಲು ಎಂದರೆ ನೋಡಲು ಮಾತ್ರ, ಹಿಡಿಯುವುದಿಲ್ಲ, ಸಾಕುವುದಿಲ್ಲ. ಮಂಗಗಳು ಎಂತ ತಿನ್ನುತ್ತವೆ, ಯಾವುದು ಯಾವುದರ ಹೇನು ಹೆಕ್ಕುತ್ತದೆ, ಯಾವ ತಾಯಿ ಮರಿಗೆ ಹೊಡೆಯುತ್ತದೆ ಎಂದು ಕೂತು ಬರೆದುಕೊಳ್ಳುವುದೇ ಅವಳ ಕೆಲಸ.

"ಅಷ್ಟಕ್ಕೆ ಹಡಗು ಹತ್ತಬೇಕಿತ್ತಾ ಮಾರಾಯ್ತಿ? ನಮ್ಮ ಚಾವಡಿಯಲ್ಲಿ ಕೂತರೆ ಸಾಕು, ಎಲ್ಲಾ ಕಾಣ್ತದೆ" ಎಂದು ನನ್ನ ಅತ್ತೆ, ಮನೆಯ ಮಕ್ಕಳನ್ನು ತೋರಿಸಿ ನಗುತ್ತಿದ್ದರು.

ನಾನು ದೇವರಿಗೆ ಬೆಳಗಿನ ದೀಪ ಇಡುವ ಹೊತ್ತಿಗೆ ಅವಳು ಎದ್ದು ಸಿದ್ಧಳಾಗಿರುತ್ತಿದ್ದಳು. ಕುಚ್ಚಲಕ್ಕಿ ಗಂಜಿಗೆ ಮಾವಿನಮಿಡಿ ನೆಂಚಿಕೊಂಡು ಉಂಡು, ಡಬ್ಬಿಯಲ್ಲಿ ಬೆಲ್ಲದ ಅವಲಕ್ಕಿ ಹಿಡಿದು, ಕೊರಳಿಗೆ ದುರ್ಬೀನು ಹಾಕಿ ಗುಡ್ಡ ಹತ್ತಿದರೆ ಇಳಿಯುವುದು ಸಂಜೆಗೆ. ಕಾಲಿಡೀ ಮುಳ್ಳಿನ ಗೀರು, ತಲೆಯಲ್ಲಿ ಚಗಳಿ ಇರುವೆ. ಬಚ್ಚಲಲ್ಲಿ ಹಂಡೆಯ ಬಿಸಿನೀರು ಮಿಂದು ಬಂದು, "ಅಕ್ಕ, ಸ್ವರ್ಗ ಉಂಟಲ್ಲ, ಅದು ನಿಮ್ಮ ಬಚ್ಚಲಲ್ಲೇ ಉಂಟು" ಎನ್ನುವಳು. ಮದುವೆಯಾದಾಗಿನಿಂದ ಆ ಹಂಡೆಗೆ ಬೆಂಕಿ ಹಾಕುತ್ತಿದ್ದ ನನಗೆ ಅಂಥ ಮಾತನ್ನು ಯಾರೂ ಹೇಳಿರಲಿಲ್ಲ. ಅದನ್ನೂ ದೇವರು ಕೊಟ್ಟದ್ದೆಂದು ಇಟ್ಟುಕೊಂಡೆ.

ಆ ಕಾಲದಲ್ಲಿ ಸೊಸೆಯಾದವಳು ಮಾವನ ಹತ್ತಿರ ನೇರ ಮಾತಾಡುವ ಕ್ರಮ ನಮ್ಮಲ್ಲಿ ಇರಲಿಲ್ಲ. ಮಾವ ಎದುರಿಗೇ ಕೂತಿದ್ದರೂ ನಾನು, "ಅತ್ತೆ, ಮಾವನಿಗೆ ಚಾ ಬೇಕಾ ಕೇಳಿ" ಎನ್ನಬೇಕು. ಅವರು, "ಬೇಕೂಂತ ಹೇಳು ಅವಳಿಗೆ" ಎನ್ನಬೇಕು. ಹುಡುಗಿ ಕೆಲವು ದಿನ ಇದನ್ನು ಕಣ್ಣರಳಿಸಿ ನೋಡಿ, ಆಮೇಲೆ ತಾನೂ ಹಾಗೆಯೇ ಶುರುಮಾಡಿದಳು. "ಅತ್ತೆ, ಮಾವನಿಗೆ ಹೇಳಿ, ನನ್ನ ಕೋಣೆಯಲ್ಲಿ ಚೇಳು ಉಂಟು." ಮಾವ ನಗು ತಡೆಯಲಿಕ್ಕಾಗದೆ ಎದ್ದು ಹೋಗುತ್ತಿದ್ದರು.

ಅವಳ ಉಡುಪು ದಿನಾ ಒಂದೇ. ಖಾಕಿ ಪ್ಯಾಂಟು, ಕೆಂಪು ಚೌಕುಳಿಯ ಅಂಗಿ, ಹುಲ್ಲಿನ ಟೊಪ್ಪಿ. ಬಟ್ಟೆ ಬದಲಾದರೆ ಮಂಗಗಳು ಬೇರೆ ಯಾರೋ ಎಂದು ಹೆದರುತ್ತವಂತೆ. ಅಷ್ಟು ಮಾಡಿದರೂ ಅವಳು ಹತ್ತಿರ ಹೋದರೆ ಅವು ಮೇಲಿನ ಕೊಂಬೆಗೆ ಏರಿ ಎಲೆಗಳ ಹಿಂದೆ ಕೂರುತ್ತಿದ್ದವು. ಹೆದರಿಕೆಯಿಂದಲೋ, ಅಲ್ಲಿ ತಿನ್ನಲಿಕ್ಕೆ ಇದ್ದುದರಿಂದಲೋ, ಕೆಳಗಿನಿಂದ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಗುರುಗಳ ಕಾಗದ ಬಂತು. ಮಳೆಗಾಲದ ಮೊದಲು ಮಂಗಗಳು ಅವಳಿಗೆ ಹೊಂದಿಕೊಳ್ಳದಿದ್ದರೆ ಕೆಲಸ ಬಿಟ್ಟು ವಾಪಸು ಬರಬೇಕು. ಅಂದು ಅವಳು ಗಂಜಿಯನ್ನು ಅರ್ಧಕ್ಕೇ ಬಿಟ್ಟಳು. ನಾನು ಆಂಜನೇಯನಿಗೆ ತುಪ್ಪದ ದೀಪ ಹೇಳಿಕೊಂಡೆ. ಮಂಗಗಳ ವಿಷಯ ಅವನಿಗಲ್ಲದೆ ಮತ್ತೆ ಯಾರಿಗೆ ಹೇಳುವುದು?

ಅದೇ ಹೊತ್ತಿಗೆ ಗದ್ದೆಯ ಕೊಯ್ಲು ಮುಗಿದು ನಾವು ಸೌತೆ ಬಳ್ಳಿ ಹಾಕಿದ್ದೆವು. ಬಲಿತ ಸೌತೆಯನ್ನು ಬಾಳೆನಾರಿನ ಕುಣಿಕೆಯಲ್ಲಿ ಅಡುಗೆಮನೆಯ ಮಾಡಿಗೆ ನೇತುಹಾಕಿದರೆ ಮಳೆಗಾಲವಿಡೀ ಸಾಂಬಾರಿಗೆ ಚಿಂತೆಯಿಲ್ಲ. ಮಂಗ ಬಾರದ ಹಾಗೆ ಪ್ರತಿ ವರ್ಷ ಮಾವನ ಹಳೇ ಅಂಗಿ ತೊಡಿಸಿ ಬೆರ್ಚಪ್ಪ ನಿಲ್ಲಿಸುವುದು ನನ್ನ ಕೆಲಸ. ಆ ವರ್ಷ ಹುಡುಗಿ ತನ್ನ ಹರಿದ ಪ್ಯಾಂಟು, ಅಂಗಿ, ಟೊಪ್ಪಿಯನ್ನು ಮಸಿಬಟ್ಟೆಗಾಗಲಿ ಎಂದು ನನಗೆ ಕೊಟ್ಟು, ಅಂಥದ್ದೇ ಹೊಸತನ್ನು ತೊಟ್ಟಿದ್ದಳು. ಪ್ಯಾಂಟು ಹಾಕಿದ ಬೆರ್ಚಪ್ಪನನ್ನು ನಮ್ಮ ಊರು ಕಂಡಿರಲಿಲ್ಲ. ಒಳಗೆ ಬೈಹುಲ್ಲು ತುರುಕಿ ನಿಲ್ಲಿಸಿದೆ. ಒಳ್ಳೆ ಗತ್ತಿನಲ್ಲಿ ನಿಂತಿತು.

ಒಂದು ಬೆಳಿಗ್ಗೆ ಅತ್ತೆ ಗದ್ದೆಯ ಕಡೆಯಿಂದ ಕೂಗಿದರು. "ಬನ್ನಿ, ಬನ್ನಿ! ಹೋಯ್ತು ಎಲ್ಲಾ!"

ನಾವು ಓಡಿದೆವು. ಬಳ್ಳಿಯ ತುಂಬ ಮಂಗಗಳು. ಬೆರ್ಚಪ್ಪನ ಕಾಲಬುಡದಲ್ಲಿ ತಾಯಿಮಂಗವೊಂದು ಮರಿಗೆ ಹಾಲು ಕುಡಿಸುತ್ತಿತ್ತು. ದೊಡ್ಡ ಗಡವವೊಂದು ಬೆರ್ಚಪ್ಪನ ಹೆಗಲ ಮೇಲೆ ಕೂತು, ಟೊಪ್ಪಿಗೆ ಕೈ ಊರಿ, ದೇವಸ್ಥಾನಕ್ಕೆಂದು ನಾನು ಗುರುತು ಮಾಡಿಟ್ಟಿದ್ದ ಮೊದಲ ಸೌತೆಯನ್ನು ಕಡಿಯುತ್ತಿತ್ತು.

ಹುಡುಗಿ ನನ್ನ ಕೈ ಹಿಡಿದಳು. "ಅಕ್ಕ, ನೋಡಿ! ನನ್ನ ಹೆಗಲ ಮೇಲೆ ಕೂತಿದೆ! ನನಗೆ ಹೆದರುವುದಿಲ್ಲ ಅವು!"

ಅಷ್ಟರಲ್ಲಿ ಮಾವ ಕೋವಿ ಹಿಡಿದು ಬಂದರು. ಮಂಗನನ್ನು ಕೊಲ್ಲುವವರಲ್ಲ, ಆಕಾಶಕ್ಕೆ ಒಂದು ಗುಂಡು ಬಿಡುವವರು. ಆದರೆ ಆ ಅಂಗಿಯ ಪಕ್ಕದಲ್ಲಿ ಗುಂಡಿನ ಸದ್ದು ಕೇಳಿದರೆ ಮಂಗಗಳು ಆ ಅಂಗಿಯನ್ನು ಮತ್ತೆಂದೂ ನಂಬುವುದಿಲ್ಲ. ಗಾಬರಿಯಲ್ಲೂ ಹುಡುಗಿ ಕ್ರಮ ಬಿಡಲಿಲ್ಲ. "ಅತ್ತೆ, ಮಾವನಿಗೆ ಹೇಳಿ..."

ಅತ್ತೆಗೆ ಸೌತೆಯ ಸಂಕಟ. ಅವರು ತಲೆಗೆ ಕೈ ಹೊತ್ತು ಬಳ್ಳಿಯನ್ನೇ ನೋಡುತ್ತಿದ್ದರು. ಕೋವಿ ಮೇಲೆದ್ದಿತು.

"ಬೇಡ ಮಾವ!" ಎಂದೆ ನಾನು.

ನೇರವಾಗಿ, ಅವರ ಮುಖ ನೋಡಿಯೇ. ಮದುವೆಯಾದ ಮೇಲೆ ಅವರಿಗೆ ನಾನು ಆಡಿದ ಮೊದಲ ಮಾತು ಅದು. ಅವರು ಮಂಗಗಳನ್ನು ಬಿಟ್ಟು ನನ್ನನ್ನೇ ನೋಡಿದರು. "ಸೌತೆ ಹೋದರೆ ಹೋಗ್ಲಿ. ಇವಳು ಹೋಗಬಾರ್ದು" ಎಂದೆ.

ಮಾವ ಕೋವಿ ಇಳಿಸಿದರು. ಹುಡುಗಿ ಮೆಲ್ಲಗೆ ಗದ್ದೆಗಿಳಿದು ಬೆರ್ಚಪ್ಪನ ಪಕ್ಕದಲ್ಲೇ ಕೂತಳು. ಗಡವ ಒಮ್ಮೆ ಅದನ್ನು ನೋಡಿತು, ಒಮ್ಮೆ ಇವಳನ್ನು ನೋಡಿತು, ಮತ್ತೆ ಸೌತೆ ಕಡಿಯಿತು.

"ಅಯ್ಯೋ, ದೇವರಿಗೆ ಇಟ್ಟದ್ದಲ್ವಾ ಅದು!" ಎಂದರು ಅತ್ತೆ.

"ದೇವರ ಕಡೆಯವರಿಗೇ ಸೇರಿತಲ್ಲ ಅತ್ತೆ" ಎಂದೆ. ಸಂಜೆ ತುಪ್ಪದ ದೀಪ ಹಚ್ಚಿದೆ.

ಆ ಮಳೆಗಾಲದಲ್ಲಿ ಮಾಡಿನ ಕುಣಿಕೆಗಳು ಹೆಚ್ಚಿನವು ಖಾಲಿ ನೇತಾಡುತ್ತಿದ್ದವು. ದಿನಾ ಬಸಳೆ, ಮತ್ತೆ ಬಸಳೆ. ಮಕ್ಕಳು ಮುಖ ಸಿಂಡರಿಸಿದರೂ, ಮಳೆಗೆ ಎಲೆಯ ಗೊರಬೆ ಸೂಡಿಕೊಂಡು ಗುಡ್ಡದಿಂದ ಇಳಿದು ಬಂದವಳು ಮಾತ್ರ ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು. ಒಂದು ಮಧ್ಯಾಹ್ನ ನಾನು ಬಡಿಸುತ್ತಿದ್ದಾಗ, ಮಾವ ಬಟ್ಟಲಿನ ಬಸಳೆಯನ್ನೂ ಮೇಲಿನ ಕುಣಿಕೆಗಳನ್ನೂ ನೋಡಿದರು. ಆಮೇಲೆ ಅತ್ತೆಯ ಕಡೆಗೆ ತಿರುಗದೆ ನನ್ನ ಹತ್ತಿರವೇ ಹೇಳಿದರು.

"ಬರುವ ವರ್ಷ ಬೆರ್ಚಪ್ಪನಿಗೆ ನನ್ನ ಅಂಗಿಯೇ ಸಾಕು, ಆಯ್ತಾ?"

"ಆಯ್ತು ಮಾವ" ಎಂದೆ.