ಅಕ್ಕನ ಪರ್ಸಿನಲ್ಲಿದ್ದ ಎರಡು ಚೀಟಿ

ನಮ್ಮ ಕಡೆ ಒಬ್ಬ ಡಾಕ್ಟರ ಮುಂದೆ ಕೂತಾಗ, ಅದಕ್ಕೂ ಮೊದಲು ಬೇರೆಯವರಿಗೆ ತೋರಿಸಿದ್ದನ್ನು ಹೇಳುವುದಿಲ್ಲ. ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆಂಬ ನಂಬಿಕೆ.

ಅಕ್ಕನ ಆರು ವರ್ಷದ ಮಗಳಿಗೆ ಲಿಂಗಸುಗೂರಿನಲ್ಲಿ ಅಂದು ಬೆಳಿಗ್ಗೆಯೇ ಉಬ್ಬಸ ಜೋರಾಯಿತು. ಅಲ್ಲಿನ ಕ್ಲಿನಿಕ್ಕಿನಲ್ಲಿ ಮಾಸ್ಕ್ ಕಟ್ಟಿ ಮದ್ದಿನ ಹಬೆ ಕೊಟ್ಟರು, ಒಂದು ಇಂಜೆಕ್ಷನ್ ಹಾಕಿದರು, ಸಿಂಧನೂರಿಗೆ ಒಯ್ಯಿರಿ ಎಂದರು. ಮಸ್ಕಿ ಮುಟ್ಟುವಷ್ಟರಲ್ಲಿ ಉಸಿರೆಳೆದಾಗಲೆಲ್ಲ ಹುಡುಗಿಯ ಪಕ್ಕೆ ಮತ್ತೆ ಒಳಗೆ ಸೆಳೆಯತೊಡಗಿತು. ಕಾರು ಓಡಿಸುತ್ತಿದ್ದ ನಾನು ಅಲ್ಲಿನ ಒಂದು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದೆ. ಅಲ್ಲಿಯೂ ಹಬೆ, ಅಲ್ಲಿಯೂ ಇಂಜೆಕ್ಷನ್. ಎರಡೂ ಚೀಟಿ ಅಕ್ಕನ ಪರ್ಸಿಗೆ ಹೋದವು.

ಸಿಂಧನೂರಿನ ಮಕ್ಕಳ ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದ ಕೂಡಲೇ ಪರದೆಯ ಮೇಲೆ ಎದೆಬಡಿತ ಇನ್ನೂರು ದಾಟಿತು. ಹುಡುಗಿಯ ಕೈ ಸಣ್ಣಗೆ ನಡುಗುತ್ತಿತ್ತು.

"ಮಾಮಾ, ಎದ್ಯಾಗ ಟ್ರ್ಯಾಕ್ಟರ್ ಓಡಾಕತ್ತೈತಿ," ಎಂದಳು, ಒಂದೊಂದು ಮಾತಿಗೂ ಉಸಿರೆಳೆದು.

ನರ್ಸ್ ಸಿರಿಂಜಿಗೆ ಮದ್ದು ಎಳೆಯುತ್ತಿದ್ದರು. ಡಾಕ್ಟರ್ ಕೇಳಿದರು, "ಇದಕ್ಕೂ ಮದ್ಲು ಎಲ್ಲೆರ ತೋರ್ಸೀರೇನ್ರಿ?"

"ಇಲ್ರೀ ಸಾಹೇಬ್ರ, ಸೀದಾ ಇಲ್ಲಿಗೇ ಬಂದೀವ್ರಿ," ಎಂದಳು ಅಕ್ಕ.

ಸಿರಿಂಜು ಹುಡುಗಿಯ ಕೈ ಹತ್ತಿರ ಬಂದಾಗಷ್ಟೇ ನಾನು ಬಾಯಿ ಬಿಟ್ಟೆ. "ಎರಡ್ ಕಡೆ ತೋರ್ಸೀವ್ರಿ. ಚೀಟಿ ಅದಾವ್ರಿ."

ಡಾಕ್ಟರ್ ಕೈ ಅಡ್ಡ ಹಿಡಿದು ಚೀಟಿ ಓದಿದರು. "ಎರಡೂ ಕಡೆ ಇದೇ ಇಂಜೆಕ್ಷನ್ ಹಾಕ್ಯಾರ. ಮೂರನೇದು ಹೋಗಿದ್ರ ಹೃದಯ ತಾಳ ತಪ್ಪಿ ನಿಂತೂ ಬಿಡಬೌದಿತ್ತು. ನಾನೇನು ನಿಮ್ಮ ಅತ್ತಿಯೇನ್ರೀ ತಾಯಿ, ತವರಮನಿ ಸುದ್ದಿ ಮುಚ್ಚಿಡಾಕ?"

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಸಿಜಿ ತೆಗೆದರು, ರಕ್ತ ಪರೀಕ್ಷೆಗೆ ಕಳಿಸಿದರು, ಆಮ್ಲಜನಕ ಹಚ್ಚಿ ಚಿಕಿತ್ಸೆ ಬದಲಿಸಿದರು. ಸಂಜೆಯ ಹೊತ್ತಿಗೆ ಬಡಿತ ನೂರಾ ಮೂವತ್ತಕ್ಕೆ ಇಳಿಯಿತು. ಹುಡುಗಿ ಬಿಸ್ಕತ್ತು ಕೇಳಿದಳು. ಆಗ ನಾನು ಡಾಕ್ಟರನ್ನು ಕೇಳಿದೆ, ಉಸಿರಿಗೆ ಕೊಟ್ಟ ಮದ್ದು ಹೃದಯಕ್ಕೆ ಯಾಕೆ ಹೋಗುತ್ತದೆ ಎಂದು.

"ಹಬಿ ಮದ್ದು ಉಸಿರಿನ ನಾಳಕ್ಕ ಸಡ್ಲಾಗು ಅಂತೈತಿ, ಹೃದಯಕ್ಕ ಓಡು ಅಂತೈತಿ. ರಕ್ತದಾಗಿನ ಪೊಟ್ಯಾಶಿಯಂನೂ ಇಳಸ್ತೈತಿ, ಅದು ಇಳಿದ್ರ ಬಡಿತ ತಾಳ ತಪ್ತೈತಿ. ಅದರ ಮ್ಯಾಲೆ ಹೃದಯ ಓಡ್ಸೋ ಆ ಇಂಜೆಕ್ಷನ್ನೂ ಕೂಡಿದ್ರ ಕೂಸು ಹೆಂಗ ತಾಳ್ಬೇಕ್ರಿ?"

ಬಿ.ಎಸ್ಸಿ. ಪರೀಕ್ಷೆಯಲ್ಲಿ, ಮೈಯಲ್ಲೇ ಹುಟ್ಟಿ ಇಂಥದೇ ಕೆಲಸ ಮಾಡುವ ಅಡ್ರಿನಾಲಿನ್ ಬಗ್ಗೆ ನಾನು ಇದನ್ನೇ ಬರೆದಿದ್ದೆ: ಶ್ವಾಸನಾಳ ಅಗಲವಾಗುತ್ತದೆ, ಎದೆಬಡಿತ ಏರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದವನಿಗೆ ಅವು ಒಂದೇ ಮೈಯಲ್ಲಿ ಒಟ್ಟಿಗೆ ನಡೆಯುತ್ತವೆಂದು ಹೊಳೆದಿರಲಿಲ್ಲ.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ನಾನು ಮಾತ್ರ, ಅಕ್ಕ "ಇಲ್ರೀ" ಎಂದದ್ದಕ್ಕೂ ನಾನು ಬಾಯಿ ಬಿಟ್ಟದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೆಂದು ಎಣಿಸಿ ನೋಡುತ್ತಿರುತ್ತೇನೆ. ಒಮ್ಮೆ ಹತ್ತು ಸೆಕೆಂಡು ಬರುತ್ತದೆ, ಒಮ್ಮೆ ಇಪ್ಪತ್ತು. ಇಪ್ಪತ್ತೇ ಆಗಿದ್ದರೆ, ಅಷ್ಟರಲ್ಲಿ ಹುಡುಗಿಯ ಹೃದಯ ಅರವತ್ತು ಎಪ್ಪತ್ತು ಸಲ ಬಡಿದಿರಬೇಕು.