ಹರಕು ಪರದೆಗಳಲ್ಲಿ ಕಟ್ಟಿದ ಮನೆ

ಸತ್ತವರು ಬಂದು ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ವಿಜ್ಞಾನ ಕಲಿಸುವವಳು ನಾನು. ಇಂಥವನ್ನೆಲ್ಲ ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದು ನನ್ನ ಪಾಠದ ಒಂದು ಭಾಗವೇ ಆಗಿತ್ತು. ಈಗ ನಂಬುತ್ತೇನೆ ಎಂದೇನೂ ಅಲ್ಲ. ಆದರೆ ಈಗ ಎದ್ದು ಹೋಗುವುದಿಲ್ಲ, ಕೂತು ಕೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಿಂದ ದೇವದುರ್ಗದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ನನಗೆ ವರ್ಗವಾಯಿತು. ಅಲ್ಲಿ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಬೇರೆ ಯಾರೂ ಒಪ್ಪದೆ ಅದು ನನ್ನ ಕೊರಳಿಗೆ ಬಿತ್ತು. ಮಕ್ಕಳಿಗೆ ಮಾತು ಕಲಿಸುವುದು ಸುಲಭವಿತ್ತು; ರಂಗದ ಸಾಮಾನು ಸಂಭಾಳಿಸುವುದರಲ್ಲಿ ಹೈರಾಣಾದೆ. ಮಾನ್ವಿಯಲ್ಲಿ ಮುಚ್ಚಿಹೋದ ನಾಟಕ ಕಂಪನಿಯವರು ತಮಗೆ ಬೇಡವಾದದ್ದನ್ನು ಶಾಲೆಗೆ ಕೊಟ್ಟಿದ್ದರು. ಪರದೆಯ ರಾಟೆ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು. ದೀಪಗಳ ವೈರನ್ನು ಇಲಿ ಕಡಿದಿತ್ತು. ಗೋಡೆಗಳಾಗಿ ನಿಲ್ಲಿಸುವ, ಬಟ್ಟೆ ಬಿಗಿದ ಚೌಕಟ್ಟುಗಳನ್ನು ಮುಟ್ಟಿದರೆ ಗೆದ್ದಲಿನ ಮಣ್ಣು ಉದುರುತ್ತಿತ್ತು.

ಆ ವರ್ಷದ ನಾಟಕಕ್ಕೆ ಒಂದು ಬಡವರ ಮನೆ ಬೇಕಿತ್ತು. ನಾನೂ ಡ್ರಾಯಿಂಗ್ ಮಾಸ್ತರರೂ ಸೇರಿ ಕಟ್ಟಿದೆವು. ಇದನ್ನು ಓದುಗರು ಗಮನಿಸಬೇಕು: ಆ ಮನೆಯಲ್ಲಿ ನಮ್ಮ ಕಲ್ಪನೆ ಏನೂ ಇರಲಿಲ್ಲ. ಸಾಮಾನು ಹೇಗೆ ಕೆಟ್ಟಿತ್ತೋ ಹಾಗೆ ಕಟ್ಟಿದೆವು. ಬಾಗಿಲ ಚೌಕಟ್ಟಿನ ಬುಡವನ್ನು ಗೆದ್ದಲು ತಿಂದಿದ್ದರಿಂದ ಅಷ್ಟನ್ನು ಕೊಯ್ದು ಹಾಕಿದೆವು, ಬಾಗಿಲು ಗಿಡ್ಡವಾಯಿತು. ಒಂದು ಗೋಡೆಯ ಬಟ್ಟೆ ಕೊಳೆತು ತೂತು ಬಿದ್ದಿತ್ತು. ಅದರ ಹಿಂದೆ ರಟ್ಟಿನ ಡಬ್ಬಿ ಕೂಡಿಸಿ ದೀಪ ಇಡುವ ಗೂಡು ಮಾಡಿದೆವು. ಸೀಳಿದ ಕಂಬಕ್ಕೆ ತಂತಿ ಸುತ್ತಿದೆವು. ಕಂಬದ ಪಕ್ಕದ ಗೋಡೆಯಲ್ಲಿ ಒಂದು ಎಣ್ಣೆಯ ಕಲೆಯಿತ್ತು. ಸುಣ್ಣ ಬಳಿದಷ್ಟೂ ಅದು ಮತ್ತೆ ಮೂಡುತ್ತಿತ್ತು.

“ಬಿಡ್ರಿ ಟೀಚರ್, ಯಾರೋ ದಿನಾ ತಲಿ ಆನಿಸಿ ಕುಂತಂಗ ಕಾಣ್ತದ. ಚಲೋನೇ ಆತು” ಎಂದರು ಮಾಸ್ತರರು. ಬಿಟ್ಟೆವು.

ಮುಖ್ಯ ಪಾತ್ರ ನಾಗಮ್ಮ ಎಂಬ ಹುಡುಗಿಯದು. ಆಕೆಯ ತಾಯಿ ಈರಮ್ಮ ಅರಕೇರಾದವಳು; ಆ ಊರು ಬಿಟ್ಟು ಬಂದು ದೇವದುರ್ಗದಲ್ಲಿ ಮನೆ ಕಟ್ಟುವ ಕಡೆ ಕೂಲಿ ಮಾಡುತ್ತಿದ್ದಳು. ಒಂದು ಸಂಜೆ ತಾಲೀಮು ನಡೆದಿದ್ದಾಗ ಮಗಳನ್ನು ಕರೆಯಲು ಬಂದಳು. ಹಿಂಬದಿಯಿಂದ ರಂಗಕ್ಕೆ ಹತ್ತಿದವಳು ನಮ್ಮ ಸುಳ್ಳು ಬಾಗಿಲ ಮುಂದೆ ನಿಂತು, ಚಪ್ಪಲಿ ಬಿಟ್ಟಳು. ಈರಮ್ಮ ಕುಳ್ಳಗಿದ್ದಳು, ಬಗ್ಗುವ ಅಗತ್ಯವಿರಲಿಲ್ಲ. ಆದರೂ ತಲೆ ಬಗ್ಗಿಸಿ ಒಳಗೆ ಬಂದಳು. ನೋಡದೆಯೇ ಗೂಡಿನೊಳಗೆ ಕೈ ಹಾಕಿ ಏನನ್ನೋ ತಡಕಿದಳು. ತಂತಿ ಸುತ್ತಿದ ಕಂಬವನ್ನು ಮುಟ್ಟಿದಳು. ಆಮೇಲೆ ಆ ಕಲೆಯ ಮುಂದೆ ಕುಸಿದು ಕುಳಿತಳು.

“ಇದು ನಮ್ಮ ಅರಕೇರಾದ ಮನಿ ಅಲ್ರಿ ಟೀಚರಮ್ಮ? ಅದು ಬಿದ್ದು ನೆಲಕ್ಕ ಕೂಡೇದ. ನೀವು ಯಾವಾಗ ನೋಡಿದ್ರಿ?”

“ನಾ ಆ ಊರಿಗೆ ಹೋಗೇ ಇಲ್ಲ ಯವ್ವಾ. ಸಾಮಾನು ಇದ್ದಂಗ ಕಟ್ಟೀವಿ” ಎಂದೆ.

ಅದು ಆಕೆಯ ಕಿವಿಗೆ ಬೀಳಲಿಲ್ಲ; ಕೂತಲ್ಲಿಂದಲೇ ಹೇಳತೊಡಗಿದಳು. ನಾಗಮ್ಮನಿಗೆ ದೇವಮ್ಮ ಎಂಬ ಅಕ್ಕ ಇದ್ದಳಂತೆ. ನಾಗಮ್ಮ ತೊಟ್ಟಿಲಲ್ಲಿದ್ದಾಗ ದೇವಮ್ಮನಿಗೆ ಜ್ವರ ಬಂತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಕಂಬದ ಪಕ್ಕ ಗೋಡೆಗೆ ತಲೆ ಆನಿಸಿ ಕೂತೇ ಇರುತ್ತಿದ್ದಳಂತೆ. ಹಾಗೆ ಕೂತಲ್ಲಿಯೇ ಹೋದಳು.

“ಇಕಿಗೂ ನಾ ಹೇಳಿಲ್ಲ” ಎಂದು ಈರಮ್ಮ ಮಗಳ ಕಡೆ ನೋಡಿದಳು. ನಾಗಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಆಮೇಲೆ ಈರಮ್ಮ ನನ್ನ ಸೆರಗು ಹಿಡಿದು ಕೇಳಿದಳು: “ದೇವಮ್ಮ ನಿಮಗ ಬಂದು ಹೇಳ್ಯಾಳ. ನನಗ್ಯಾಕ ಒಂದ್ ಸಲಾನೂ ಬಂದು ಮಾತಾಡವಲ್ಲಳ್ರಿ?”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತನಗೆ ಸಿಗಬೇಕಾದದ್ದು ಬೇರೊಬ್ಬರಿಗೆ ಸಿಕ್ಕಿತಲ್ಲ ಎಂಬ ಸಂಕಟವಿತ್ತು.

ಮರುದಿನ ಮಾಸ್ತರರು ಸಮಾಧಾನ ಹೇಳಿದರು. “ಬಡವರ ಮನಿ ಎಲ್ಲಾ ಒಂದೇ ನಮೂನಿ ಇರ್ತಾವ್ರಿ. ಗೂಡು, ಗಿಡ್ಡ ಬಾಗಲಾ ಯಾರ ಮನ್ಯಾಗಿಲ್ಲ?” ನನಗೂ ಅದೇ ಬೇಕಿತ್ತು, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಈರಮ್ಮ ಪ್ರತಿ ಸಂಜೆ ಕೆಲಸ ಮುಗಿಸಿ ಬಂದು ಆ ಕಲೆಯ ಹತ್ತಿರ ಕೂತಿರುತ್ತಿದ್ದಳು. ನಾಟಕದ ದಿನ ನಾಗಮ್ಮ ಚೆನ್ನಾಗಿ ಮಾಡಿದಳು. ಕಂಬದ ಪಕ್ಕ ಕೂರಬೇಕಾದಲ್ಲಿ ಮಾತ್ರ ಸ್ವಲ್ಪ ಜಾಗ ಬಿಟ್ಟು ಕೂತಳು. ಮನೆಯನ್ನು ಬಿಚ್ಚುವ ದಿನ ಈರಮ್ಮ ಶಾಲೆಯ ಕಡೆ ಬರಲೇ ಇಲ್ಲ.

ವರ್ಷಗಳಾದವು. ಎಂಬತ್ತರ ದಶಕದಲ್ಲಿ ನಾನು ರಾಯಚೂರಿಗೆ ಮರಳಿದ್ದೆ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಈರಮ್ಮ ಸಿಕ್ಕಳು. ನಾಗಮ್ಮ ಇಲ್ಲೇ ಟೀಚರ್ ಟ್ರೈನಿಂಗ್ ಓದುತ್ತಿದ್ದಾಳೆ, ನೋಡಲು ಬಂದಿದ್ದೆ ಎಂದು ಹೆಮ್ಮೆಯಿಂದ ಹೇಳಿದಳು. ದೇವದುರ್ಗದ ಬಸ್ಸು ಬಂದು ನಿಂತಾಗ ಹತ್ತಿರ ಸರಿದು ದನಿ ತಗ್ಗಿಸಿದಳು.

“ದೇವಮ್ಮ ಮತ್ತ ಬಂದಿದ್ಲೇನ್ರಿ?”

ಇಲ್ಲ ಎನ್ನಬೇಕಿತ್ತು. ಆಕೆಯ ಮುಖ ನೋಡಿ ಅನ್ನಲಾಗಲಿಲ್ಲ. “ಹೂಂ ಯವ್ವಾ, ಕನಸಿನ್ಯಾಗ ಬಂದಿದ್ಲು. ಆರಾಮ ಅದಾಳ” ಎಂದೆ.

“ಏನ್ ತೊಟ್ಟಿದ್ಲು?”

ಬಾಯಿಗೆ ಬಂದದ್ದನ್ನು ಹೇಳಿದೆ: “ಹಸರ ಲಂಗ. ಎಡಗೈಯಾಗಷ್ಟ ಬಳಿ ಇದ್ದವು.”

ಈರಮ್ಮನ ಕೈಯಲ್ಲಿದ್ದ ಚೀಲ ಜಾರಿ ಬಿತ್ತು. “ದವಾಖಾನ್ಯಾಗ ಸೂಜಿ ಚುಚ್ಚೂ ಮುಂದ ಬಲಗೈ ಬಳಿ ನಾನೇ ಒಡದಿದ್ದೆ” ಎಂದಳು. “ಆರಾಮಾದ ಮ್ಯಾಲ ಹೊಸಾ ಬಳಿ ಇಡಸ್ತೀನಿ ಅಂದಿದ್ದೆ. ಯಾರಿಗೂ ಹೇಳಿಲ್ಲರೀ ಇದನ್ನ.”

ಕಂಡಕ್ಟರ್ ಕೂಗುತ್ತಿದ್ದ. ಈರಮ್ಮ ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಕಿಟಕಿಯಿಂದ ಬಗ್ಗಿ, “ಮತ್ತ ಬಂದ್ರ, ನನ್ನ ಕಡೀನೂ ಬಾ ಅಂತ ಹೇಳ್ರಿ” ಎಂದಳು. ನಾನು ಹೂಂ ಎಂದೆ.

ಒಬ್ಬ ತಾಯಿಯ ಸಮಾಧಾನಕ್ಕೆ ಒಂದು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಸುಳ್ಳಾಗಿತ್ತೇ ಎನ್ನುವುದೇ ಈಗ ನನಗೆ ಗೊತ್ತಿಲ್ಲ. ದೇವಮ್ಮನನ್ನು ನಾನು ಕಂಡಿಲ್ಲ, ಕನಸಿನಲ್ಲಿಯೂ ಕಂಡಿಲ್ಲ. ಹಾಗಿದ್ದರೆ ಆ ಬಳೆಗಳ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತು? ತಾಯಿಯ ಕಡೆಯೂ ಹೋಗು ಎಂದು ನಾನು ಯಾರಿಗೆ ಹೇಳಲಿ?