ಕವಣೆಗೊಂದು ಕೈ, ಕಿವಿಗೆರಡು

ಮುಡಬಿಯ ಸೋನುಬಾಯಿಗೆ ಹಕ್ಕಿ ಕಾಯುವುದು ತಾಯಿಯಿಂದ ಬಂದ ಕೆಲಸ. ಜೋಳ ಹಾಲುಗಾಳಾದಾಗ ಏಕನಾಥನ ಹೊಲದ ಅಟ್ಟಣಿಗೆ ಹತ್ತಿ, ಕವಣೆ ಬೀಸಿ ಗಂಟಲು ಹರಿಯುವಂತೆ ಕೂಗಿದಳೆಂದರೆ ಗುಬ್ಬಿಯ ಮಾತಿರಲಿ, ದಾರಿಯಲ್ಲಿ ಹೋಗುವ ಆಟೋದವನೂ ಬ್ರೇಕ್ ಹಾಕಿ ನೋಡುತ್ತಿದ್ದ. ಕೂಲಿಯೆಂದರೆ ರಾಶಿಯ ದಿನ ಸಿಗುವ ಜೋಳ. ಮನೆಯ ವರ್ಷದ ರೊಟ್ಟಿ ಅದರಲ್ಲೇ ಆಗಬೇಕು.

ಈ ಸಲ ಆ ರೊಟ್ಟಿಗೇ ಕಲ್ಲು ಬಿತ್ತು. ವಾಯುಪಡೆಯ ತರಬೇತಿ ವಿಮಾನಗಳು ಹೊಲದ ನೆತ್ತಿಯ ಮೇಲೆಯೇ ತಗ್ಗಾಗಿ ಸುತ್ತತೊಡಗಿದವು. ಮೊದಲ ಸದ್ದಿಗೇ ಹಕ್ಕಿಗಳೆಲ್ಲ ಎದ್ದು ಹಾರಿದ್ದನ್ನು ಕಂಡು ಹೊಲದ ಒಡೆಯ ಏಕನಾಥನಿಗೆ ಖುಷಿಯೋ ಖುಷಿ.

"ಸೋನುಬಾಯಿ, ಇನ್ನ ನಿನ್ನ ಜರೂರತ್ ಇಲ್ಲ ನೋಡು. ಸರ್ಕಾರನ ಪುಕ್ಕಟ ಹಕ್ಕಿ ಹಾರಸಾಕತ್ತದ."

"ಹಂಗಾದ್ರ ರೊಟ್ಟೀನೂ ಸರ್ಕಾರದ ಕಡೆನ ಬಡಿಸ್ಕೊಳ್ರಿ," ಎಂದು ಅವಳು ಸಿಟ್ಟಿನಿಂದ ಕೆಳಗಿಳಿದಳು.

ಹಕ್ಕಿಗಳೇನು ಏಕನಾಥನಷ್ಟು ದಡ್ಡವೇ? ಕೆಲವೇ ದಿನಗಳಲ್ಲಿ ಸದ್ದಿಗೆ ಒಗ್ಗಿಕೊಂಡವು. ಬದುವಿನಂಚಿನ ತೆನೆಗಳು ಬೋಳಾದ ಮೇಲೆ ಅವನೇ ಅವಳ ಬಾಗಿಲಿಗೆ ಬಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಒಂದು ಷರತ್ತನ್ನೂ ಹಾಕಿದ.

"ಇನ್ನೊಂದು ಸಾಲು ಹೋದ್ರ ನಿನಗ ಕಾಳ ಇಲ್ಲ."

ಸೋನುಬಾಯಿ ಮತ್ತೆ ಅಟ್ಟಣಿಗೆ ಹತ್ತಿದಳು. ಆದರೆ ಹಕ್ಕಿಗಳ ಹೊಸ ಚಾಳಿ ಕಂಡು ಅವಳ ಪಿತ್ತ ನೆತ್ತಿಗೇರಿತು. ವಿಮಾನ ಬಂದಾಗಲೆಲ್ಲ ಅವಳು ಕವಣೆ ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಿಟ್ಟುಕೊಂಡ ಗುಬ್ಬಿ, ಗಿಳಿಗಳು ಸರಿಯಾಗಿ ಆಗಲೇ ತೆನೆಗೆ ಇಳಿಯುತ್ತಿದ್ದವು. ದಿನವಿಡೀ ಇದೇ ಗೋಳು. ಕಿವಿಗೆ ಹತ್ತಿ ತುರುಕಿದಳು, ಮೇಲೆ ಸೆರಗು ಬಿಗಿದಳು. ಎದೆ ನಡುಗಿಸುವ ಸದ್ದಿಗೆ ಹತ್ತಿ ಯಾವ ಲೆಕ್ಕ! ಬಸವಕಲ್ಯಾಣದ ಬಸ್ಸಿನಲ್ಲಿ ಸಿಕ್ಕ ತಾಲೂಕು ಕಚೇರಿಯವನೊಬ್ಬನ ಮುಂದೆ ದೂರಿಕೊಂಡರೆ, "ಆಕಾಶ ನಮ್ಮ ತಾಲೂಕಿನಾಗ ಬರಂಗಿಲ್ಲವ್ವ," ಎಂದು ನಕ್ಕ. ಅವನ ತಲೆಯ ಮೇಲೇನು ವಿಮಾನ ಸುತ್ತುತ್ತಿತ್ತೇ!

ಕೊನೆಗೆ ಅವಳು ಕಿವಿ ಮುಚ್ಚುವುದನ್ನೇ ಬಿಟ್ಟಳು. "ಹಾರ್ರಿ, ಎಷ್ಟ ಹಾರ್ತೀರಿ ಹಾರ್ರಿ!" ಎಂದು ವಿಮಾನವನ್ನೂ ಹಕ್ಕಿಯನ್ನೂ ಒಟ್ಟಿಗೇ ಬೈಯುತ್ತ, ಹಲ್ಲು ಕಚ್ಚಿ, ಸದ್ದಿನ ನಡುವೆಯೇ ಕವಣೆ ಬೀಸಿದಳು. ಮನೆಗೆ ಬಂದರೆ ಕಿವಿಯೊಳಗೆ ಜೀರುಂಡೆ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಇದು ಬೇಡವೆಂದು ಸೊಸೆ ಉಜ್ವಲಾ ಕೈಮುಗಿದಳು.

"ಕಿವಿ ಏನ್ ರೊಟ್ಟಿ ಕೊಡ್ತಾವೇನ?" ಎಂದು ಸೋನುಬಾಯಿ ಗದರಿದಳು.

ಜೋಳ ಉಳಿಯಿತು. ರಾಶಿಯ ದಿನ ಏಕನಾಥ ಅವಳ ಚೀಲ ತುಂಬಿಸಿ, ಮೇಲೆ ಇನ್ನೂ ಒಂದಿಷ್ಟು ಸುರಿದ.

"ಮುಂದಿನ ವರ್ಷನೂ ನೀನ ಬರಬೇಕ, ಸೋನುಬಾಯಿ."

ಅವಳು ಚೀಲದ ಬಾಯಿ ಕಟ್ಟುತ್ತಲೇ ಇದ್ದಳು. ಅವನು ಮತ್ತೆ ಹೇಳಿದ. ಆಮೇಲೆ ಕೂಗಿಯೇ ಹೇಳಿದ. ಉಜ್ವಲಾ ಭುಜ ಮುಟ್ಟಿದಾಗ ಅವಳು ತಲೆಯೆತ್ತಿ, ಅವನ ತುಟಿ ಅಲ್ಲಾಡುವುದನ್ನು ನೋಡಿ ಸಿಡುಕಿದಳು.

"ಏನಂದ್ರಿ? ಆ ಸುಡುಗಾಡ ವಿಮಾನ ಹೋಗ್ಲಿ ತಡೀರಿ, ಆಮ್ಯಾಲ ಹೇಳ್ರಿ."

ಕಣದಲ್ಲಿದ್ದವರೆಲ್ಲ ಮೇಲೆ ನೋಡಿದರು. ಆಕಾಶದಲ್ಲಿ ಒಂದು ವಿಮಾನವೂ ಇರಲಿಲ್ಲ.